ಹಾವಿನ ವಿಷ, ಹೊಸ ಮದ್ದು, ಹೊತ್ತಿನ ಲೆಕ್ಕ

ಆಳಂದ ತಾಲ್ಲೂಕಿನ ಜಿಡಗಾ ಮತ್ತು ಸುತ್ತಲಿನ ಊರುಗಳಿಗೆ ತೊಗರಿ ಹೊಲವೇ ಆಧಾರ. ಮುಂಗಾರಿನಲ್ಲಿ ಬಿತ್ತನೆ, ಆಮೇಲೆ ಎಡೆ, ಕಳೆ, ಚಳಿಗಾಲಕ್ಕೆ ಕಟಾವು ಮತ್ತು ರಾಶಿ. ಕಾಳು ಇರುವಲ್ಲಿಗೆ ಇಲಿ ಬರುತ್ತದೆ, ಇಲಿಯ ಬೆನ್ನು ಹತ್ತಿ ಹಾವು ಬರುತ್ತದೆ. ಬರಿಗಾಲಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳು, ರಾತ್ರಿ ಮೋಟರ್ ಚಾಲೂ ಮಾಡಲು ಹೋಗುವ ರೈತ, ಬಣವಿಯಿಂದ ಕಣಕಿ ಹಿರಿಯುವ ಹುಡುಗ, ಇವರೆಲ್ಲರ ಕೆಲಸ ಹಾವಿನ ದಾರಿಯಲ್ಲೇ ನಡೆಯುತ್ತದೆ.

ಭಾರತದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58 ಸಾವಿರ ಸಾವು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ ನಡುವಿನ ಮಳೆಗಾಲದ್ದು. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಅಲ್ಲಿಂದೀಚೆಗೆ ಪ್ರಯೋಗಾಲಯಗಳಲ್ಲೂ ಆಸ್ಪತ್ರೆಗಳಲ್ಲೂ ಹೊಸ ಮದ್ದಿನ ಹುಡುಕಾಟ ಬಿರುಸಾಗಿದೆ. ಆ ಹುಡುಕಾಟ ಎಲ್ಲಿಗೆ ಬಂದಿದೆ, ಜಿಡಗಾದಂಥ ಊರಿಗೆ ಅದರಿಂದ ಏನು ಸಿಗಬೇಕು ಎಂಬುದು ಈ ಅಧ್ಯಾಯದ ವಿಷಯ.

ವಿಷ ಏನು ಮಾಡುತ್ತದೆ

ನಮ್ಮ ದೇಶದಲ್ಲಿ ಹೆಚ್ಚು ಜೀವ ತೆಗೆಯುವ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ.

ನಾಗರ ಮತ್ತು ಕಟ್ಟುಹಾವಿನ ವಿಷ ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ಮೊದಲು ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಗಾಯದಲ್ಲಿ ನೋವಾಗಲಿ ಬಾವಾಗಲಿ ಇರದಿರುವುದರಿಂದ ಹಾವು ಕಚ್ಚಿದ್ದೇ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ.

ಮಂಡಲಗಳ ವಿಷದ ಗುರಿ ರಕ್ತ. ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಅದು ಖರ್ಚು ಮಾಡಿಬಿಡುತ್ತದೆ, ರಕ್ತನಾಳಗಳ ಗೋಡೆಯನ್ನು ಕೊರೆಯುತ್ತದೆ. ವಸಡಿನಿಂದ, ಮೂತ್ರದಲ್ಲಿ ರಕ್ತ ಬರುತ್ತದೆ. ಕೊಳಕುಮಂಡಲ ಕಚ್ಚಿದಾಗ ಮೂತ್ರಪಿಂಡ ಕೆಡುವುದೂ ಉಂಟು. ಬದುಕಿ ಉಳಿದವರಲ್ಲಿ ಕೆಲವರು ಬೆರಳು, ಕಾಲು ಕಳೆದುಕೊಳ್ಳುತ್ತಾರೆ. ಕೂಲಿಯಿಂದ ನಡೆಯುವ ಮನೆಗೆ ದುಡಿಯುವವರ ಕಾಲು ಹೋಗುವುದೆಂದರೆ ಮನೆಯೇ ಕುಸಿದಂತೆ.

ವಿಷ ಎಂಬುದು ಒಂದೇ ವಸ್ತುವಲ್ಲ, ಹತ್ತಾರು ಪ್ರೋಟೀನುಗಳ ಮಿಶ್ರಣ. ಮದ್ದು ಹುಡುಕುವುದು ಕಷ್ಟವಾಗಿರುವುದು ಇದರಿಂದಲೇ.

ಕುದುರೆಯ ರಕ್ತದಿಂದ ಬಂದ ಮದ್ದು

1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮೊದಲ ಪ್ರತಿವಿಷ ಸಿದ್ಧಪಡಿಸಿದರು. ಮೂಲ ವಿಧಾನ ಇಂದಿಗೂ ಅದೇ. ಕುದುರೆಗೆ ಅಲ್ಪ ಪ್ರಮಾಣದಲ್ಲಿ ವಿಷ ಚುಚ್ಚುತ್ತಾ ಹೋದರೆ ಅದರ ದೇಹ ವಿಷವನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ಶುದ್ಧಮಾಡಿ, ಸೀಸೆಗೆ ತುಂಬುತ್ತಾರೆ. ದವಾಖಾನೆಯಲ್ಲಿ ಇದನ್ನು ಎಎಸ್‌ವಿ ಎನ್ನುತ್ತಾರೆ. ಮೇಲೆ ಹೇಳಿದ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಎಎಸ್‌ವಿ.

ಲಕ್ಷಾಂತರ ಜೀವ ಉಳಿಸಿದ ಮದ್ದು ಇದು, ಇವತ್ತಿಗೂ ಇದಕ್ಕೆ ಬದಲಿ ಇಲ್ಲ. ಆದರೆ ಇದರಲ್ಲಿ ಮೂರು ತೊಡಕುಗಳಿವೆ. ಮೊದಲನೆಯದಾಗಿ, ಸೀಸೆಯಲ್ಲಿರುವ ಪ್ರತಿಕಾಯಗಳೆಲ್ಲ ವಿಷದ ಮೇಲೆ ಕೆಲಸ ಮಾಡುವುದಿಲ್ಲ. ತೂರದ ರಾಶಿಯ ಹಾಗೆ, ಕಾಳಿಗಿಂತ ಹೊಟ್ಟೇ ಹೆಚ್ಚು. ಹಾಗಾಗಿ ಒಬ್ಬ ರೋಗಿಗೆ ಹತ್ತು, ಇಪ್ಪತ್ತು ಸೀಸೆ ಬೇಕಾಗುತ್ತದೆ. ಎರಡನೆಯದಾಗಿ, ಕುದುರೆಯ ಪ್ರೋಟೀನು ಮನುಷ್ಯನ ಮೈಗೆ ಒಗ್ಗದೆ ರಕ್ತದೊತ್ತಡ ದಿಢೀರನೆ ಇಳಿಯಬಹುದು, ಉಸಿರು ಕಟ್ಟಬಹುದು. ಮೂರನೆಯದಾಗಿ, ಇದನ್ನು ರಕ್ತನಾಳಕ್ಕೇ ಕೊಡಬೇಕು, ವೈದ್ಯರು ಪಕ್ಕದಲ್ಲಿರಬೇಕು. ಹೊಲದಲ್ಲಿ, ಮನೆಯಲ್ಲಿ, ದಾರಿಯಲ್ಲಿ ಕೊಡುವಂಥದ್ದಲ್ಲ.

ಎರಡನೆಯ ತೊಡಕಿಗೆ ಶ್ರೀಲಂಕಾದ ವೈದ್ಯರು ಕಂಡುಕೊಂಡ ಪರಿಹಾರ ಎಲ್ಲ ತಾಲ್ಲೂಕು ಆಸ್ಪತ್ರೆಗಳೂ ಗಮನಿಸುವಂಥದ್ದು. ಹಾವು ಕಚ್ಚಿ ಬಂದ 1,007 ರೋಗಿಗಳ ಮೇಲೆ ನಡೆದ ಆ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಪ್ರತಿವಿಷಕ್ಕೆ ಮುಂಚೆ ಅಡ್ರಿನಲಿನ್‌ನ ಸಣ್ಣ ಪ್ರಮಾಣವನ್ನು ಚರ್ಮದಡಿ ಚುಚ್ಚಿದಾಗ, ಮೊದಲ ಒಂದು ಗಂಟೆಯಲ್ಲಿ ತೀವ್ರ ಪ್ರತಿಕ್ರಿಯೆಗಳು ಶೇಕಡಾ 43ರಷ್ಟು ಕಡಿಮೆಯಾದವು. ಅಡ್ರಿನಲಿನ್ ಅಗ್ಗದ, ಹಳೆಯ ಔಷಧ. ಅದನ್ನು ಯಾವಾಗ, ಎಷ್ಟು ಕೊಡಬೇಕೆಂಬ ತಿಳಿವು ಮಾತ್ರ ಹೊಸದು. ಇಂಥ ಸಂಶೋಧನೆಯೂ ಹೊಸ ಚಿಕಿತ್ಸೆಯೇ.

ನೆಲ ಬದಲಾದರೆ ವಿಷವೂ ಬೇರೆ

ದೇಶದ ಎಎಸ್‌ವಿಗೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಬುಡಕಟ್ಟಿನವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘದಿಂದ. ಅವರ ಕೈಚಳಕಕ್ಕೆ ದೇಶವೇ ಋಣಿ. ಆದರೆ ಒಂದು ಪ್ರದೇಶದ ಹಾವಿನ ವಿಷದಿಂದ ತಯಾರಾದ ಮದ್ದು ಇನ್ನೊಂದು ಪ್ರದೇಶದ ಹಾವಿನ ವಿಷಕ್ಕೂ ಅಷ್ಟೇ ಚೆನ್ನಾಗಿ ನಾಟುತ್ತದೆಯೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಈ ಪ್ರಶ್ನೆಯ ಬೆನ್ನು ಹತ್ತಿದೆ. ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂದು ಅವರ ಅಧ್ಯಯನಗಳು ತೋರಿಸಿವೆ. 2025ರಲ್ಲಿ ಪ್ರಕಟವಾದ ಕೆಲಸಕ್ಕಾಗಿ ದೇಶದ 34 ಸ್ಥಳಗಳ 115 ಕೊಳಕುಮಂಡಲಗಳ ವಿಷವನ್ನು ಪರೀಕ್ಷಿಸಿದರು. ಸ್ಥಳದ ಉಷ್ಣತೆಗೂ ಮಳೆಗೂ ವಿಷದ ಗುಣಕ್ಕೂ ನಂಟಿರುವುದು ಕಂಡುಬಂತು. ಒಣ ಪ್ರದೇಶದ ಹಾವುಗಳ ವಿಷದಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳ ಚಟುವಟಿಕೆ ಹೆಚ್ಚಿತ್ತು. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಆಳಂದ, ಅಫಜಲಪುರ, ಜೇವರ್ಗಿಯ ನೆಲಕ್ಕೆ ಇದು ನೇರವಾಗಿ ತಾಗುವ ಮಾತು. ಪ್ರದೇಶಕ್ಕೆ ತಕ್ಕ ಪ್ರತಿವಿಷ ಬೇಕು ಎಂಬ ವಾದಕ್ಕೆ ಇದರಿಂದ ಬಲ ಬಂದಿದೆ.

ನುಂಗುವ ಗುಳಿಗೆಯ ಪರೀಕ್ಷೆ

ಎಎಸ್‌ವಿಯ ಮೂರನೆಯ ತೊಡಕು, ದವಾಖಾನೆಯಲ್ಲೇ ಕೊಡಬೇಕೆಂಬುದು, ಕೊನೆಗೆ ಹೊತ್ತಿನದು. ಹಾವು ಕಚ್ಚಿದ ಗಳಿಗೆಯಿಂದ ಸೂಜಿ ಏರುವ ಗಳಿಗೆಯವರೆಗೆ ವಿಷದ ಕೆಲಸ ನಿಲ್ಲುವುದಿಲ್ಲ. ಆ ನಡುವಿನ ಹೊತ್ತಿಗೆ ಊರಲ್ಲೇ ಕೊಡಬಹುದಾದ ಗುಳಿಗೆ ಇದ್ದರೆ?

ಅಮೆರಿಕದ ವೈದ್ಯ ಮ್ಯಾಥ್ಯೂ ಲೂಯಿನ್ ಮತ್ತು ಸಂಗಡಿಗರು ಇದಕ್ಕಾಗಿ ಆರಿಸಿಕೊಂಡದ್ದು ವರೆಸ್ಪ್ಲಾಡಿಬ್ ಎಂಬ ಔಷಧವನ್ನು. ಹೃದಯ ರೋಗಕ್ಕೆಂದು ತಯಾರಾಗಿದ್ದ ಅದು ಆ ಪರೀಕ್ಷೆಯಲ್ಲಿ ಸೋತು ಮೂಲೆಗೆ ಸರಿದಿತ್ತು. ಬಹಳಷ್ಟು ಹಾವುಗಳ ವಿಷದಲ್ಲಿರುವ ಫಾಸ್ಫೋಲೈಪೇಸ್ ಎಂಬ ಕಿಣ್ವವನ್ನು ಇದು ಕಟ್ಟಿಹಾಕುತ್ತದೆ ಎಂದು ಪ್ರಯೋಗಾಲಯದಲ್ಲಿ ತಿಳಿಯಿತು. ಪ್ರಾಣಿಗಳಲ್ಲಿ ಫಲ ಕಂಡಿತು. ಮುಂದಿನದು ಮನುಷ್ಯರ ಸರದಿ.

ಭಾರತ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಹಾವು ಕಚ್ಚಿ ಬಂದ 95 ಮಂದಿ ಎರಡನೇ ಹಂತದ ಪರೀಕ್ಷೆಯಲ್ಲಿ ಪಾಲ್ಗೊಂಡರು. ಯಾರಿಗೆ ಔಷಧ, ಯಾರಿಗೆ ಔಷಧವಿಲ್ಲದ ತೋರಿಕೆಯ ಗುಳಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಯಿತು. ಎರಡೂ ಗುಂಪಿಗೆ ಪ್ರತಿವಿಷವೂ ಸೇರಿ ಎಂದಿನ ಚಿಕಿತ್ಸೆ ಸಿಕ್ಕಿತು. ಪರೀಕ್ಷೆಯ ಹೆಸರಿನಲ್ಲಿ ಯಾರನ್ನೂ ಮದ್ದಿಲ್ಲದೆ ಬಿಡಬಾರದು ಎಂಬುದು ಇಂಥ ಸಂಶೋಧನೆಯ ಮೊದಲ ನಿಯಮ.

2024ರಲ್ಲಿ ಫಲಿತಾಂಶ ಪ್ರಕಟವಾಯಿತು. ಮುಖ್ಯ ಅಳತೆಗೋಲಿನಲ್ಲಿ ಎರಡು ಗುಂಪುಗಳ ನಡುವೆ ಖಚಿತವಾಗಿ ಹೇಳಬಹುದಾದ ವ್ಯತ್ಯಾಸ ಕಾಣಲಿಲ್ಲ. ಕಚ್ಚಿದ 5 ಗಂಟೆಯೊಳಗೆ ಔಷಧ ಪಡೆದವರಲ್ಲಿ ಮಾತ್ರ ಅನುಕೂಲದ ಸೂಚನೆ ಕಂಡಿತು. ಇದನ್ನು ಗೆಲುವು ಎಂದು ಸಾರುವುದೂ ಸೋಲು ಎಂದು ತಳ್ಳುವುದೂ ತಪ್ಪು. ದೊಡ್ಡ ಗುಂಪಿನೊಳಗಿನ ಸಣ್ಣ ಗುಂಪಿನಲ್ಲಿ ಕಂಡದ್ದು ಪುರಾವೆಯಾಗಲಾರದು, ಮುಂದಿನ ಪರೀಕ್ಷೆಗೆ ದಾರಿಯಾಗಬಲ್ಲದು. ಮದ್ದು ಬೇಗ ಸಿಕ್ಕಿದಷ್ಟೂ ಒಳಿತು ಎಂಬ ದಿಕ್ಕನ್ನು ಅದು ತೋರಿಸಿದೆ. ಔಷಧದ ಅಂಗಡಿಯಲ್ಲಿ ಈ ಗುಳಿಗೆ ಸಿಗುವ ಕಾಲ ಇನ್ನೂ ಬಂದಿಲ್ಲ.

ಯೂನಿಥಿಯೋಲ್ ಎಂಬ ಇನ್ನೊಂದು ಔಷಧವೂ ಇದೇ ಹಾದಿಯಲ್ಲಿದೆ. ಪಾದರಸ ಮೈಗೇರಿದವರಿಗೆ ಕೊಡುತ್ತಿದ್ದ ಹಳೆಯ ಮದ್ದು ಇದು. ಮಂಡಲಗಳ ವಿಷದ ಕೆಲವು ಕಿಣ್ವಗಳು ಸತುವಿಲ್ಲದೆ ಕೆಲಸ ಮಾಡಲಾರವು, ಯೂನಿಥಿಯೋಲ್ ಆ ಸತುವನ್ನೇ ಕಸಿದುಕೊಳ್ಳುತ್ತದೆ. ಗರಗಸ ಮಂಡಲದ ಆಫ್ರಿಕಾದ ನೆಂಟನ ವಿಷದ ಮೇಲೆ ಇದು ಇಲಿಗಳಲ್ಲಿ ಫಲ ಕೊಟ್ಟಿತು. ಕೀನ್ಯಾದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟು ಸುರಕ್ಷಿತವೇ ಎಂದು ನೋಡುವ ಮೊದಲ ಹಂತದ ಪರೀಕ್ಷೆಯೂ ಮುಗಿದಿದೆ.

ಕುದುರೆ ಬೇಡದ ಪ್ರತಿವಿಷ

2024ರ ಫೆಬ್ರುವರಿಯಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಲಿವರ್‌ಪೂಲ್‌ನ ವಿಜ್ಞಾನಿಗಳು ಜೊತೆಯಾಗಿ ಒಂದು ಪ್ರತಿಕಾಯವನ್ನು ಪ್ರಕಟಿಸಿದರು. ಕೃತಕವಾಗಿ ಕಟ್ಟಿದ ಮಾನವ ಪ್ರತಿಕಾಯಗಳ ಭಾರೀ ಭಂಡಾರದಿಂದ ಅದನ್ನು ಹೆಕ್ಕಿದ್ದರು. ನಾಗರ, ಕಟ್ಟುಹಾವು, ಮಾಂಬಾ ಇವುಗಳ ಬಳಗದಲ್ಲಿ ಸಮಾನವಾಗಿರುವ ಒಂದು ನರವಿಷವನ್ನು ಅದು ಹಿಡಿಯುತ್ತದೆ. ಬೇರೆ ಬೇರೆ ಖಂಡಗಳ ಹಾವುಗಳ ವಿಷದಿಂದ ಇಲಿಗಳನ್ನು ಅದು ಕಾಪಾಡಿತು, ಕಾಳಿಂಗದ ವಿಷದ ಮುಂದೆ ಮಾತ್ರ ಅದರ ಬಲ ಕಡಿಮೆಯಾಯಿತು. ಮನುಷ್ಯರ ಪ್ರತಿಕಾಯವಾದ್ದರಿಂದ ಕುದುರೆಯ ಪ್ರೋಟೀನಿನ ಹಾಗೆ ಮೈ ತಿರುಗಿ ಬೀಳುವ ಭಯ ಕಡಿಮೆ.

2025ರ ಜನವರಿಯಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಬೇಕರ್ ಅವರ ತಂಡ ಇದೇ ಬಳಗದ ನರವಿಷಗಳಿಗೆ ಅಂಟಿಕೊಳ್ಳುವ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲೇ ರೂಪಿಸಿ ತೋರಿಸಿತು. ಈ ಎರಡೂ ಕೆಲಸಗಳು ಇನ್ನೂ ಇಲಿಗಳ ಹಂತದಲ್ಲಿವೆ. ಮಂಡಲಗಳ ವಿಷಕ್ಕೆ ಬೇರೆಯದೇ ಪ್ರತಿಕಾಯಗಳು ಬೇಕು. ಎಲ್ಲ ಕೂಡಿಸಿ ಒಂದು ಸೀಸೆಗೆ ಬಂದು, ಬಡವರಿಗೂ ಎಟಕುವ ಬೆಲೆಗೆ ಇಳಿದಾಗಲೇ ಅದು ಮದ್ದಾಗುತ್ತದೆ.

ಹೊತ್ತನ್ನು ಗೆದ್ದ ಪ್ರಯೋಗ

ಇದುವರೆಗಿನ ಸಂಶೋಧನೆಗಳಲ್ಲಿ ನಮ್ಮ ಹಳ್ಳಿಗಳಿಗೆ ಅತ್ಯಂತ ಹತ್ತಿರವಾದದ್ದು ನೇಪಾಳದ್ದು. ಆಗ್ನೇಯ ನೇಪಾಳದ ಹಳ್ಳಿಗಳಲ್ಲಿ ಮೋಟರ್‌ಸೈಕಲ್ ಇರುವ ಸ್ವಯಂಸೇವಕರನ್ನು ಗೊತ್ತುಮಾಡಿ, ಹಾವು ಕಚ್ಚಿದವರನ್ನು ಸವಾರ ಮತ್ತು ಇನ್ನೊಬ್ಬರ ನಡುವೆ ಕೂರಿಸಿಕೊಂಡು ನೇರ ಚಿಕಿತ್ಸಾ ಕೇಂದ್ರಕ್ಕೆ ತರುವ ಏರ್ಪಾಡು ಮಾಡಿದರು. ಜೊತೆಗೆ ಊರೂರಿನಲ್ಲಿ ತಿಳಿವಳಿಕೆ ಕೊಟ್ಟರು. 2013ರಲ್ಲಿ ಪ್ರಕಟವಾದ ವರದಿಯಂತೆ, ಕಚ್ಚಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಶೇಕಡಾ 10.5ರಿಂದ 0.5ಕ್ಕೆ ಇಳಿಯಿತು. ಹೊಸ ಔಷಧ ಒಂದೂ ಇರಲಿಲ್ಲ. ಇದ್ದ ಔಷಧ ಹೊತ್ತಿಗೆ ಸಿಕ್ಕಿತು, ಅಷ್ಟೆ. ಮೋಟರ್‌ಸೈಕಲ್ ಇಲ್ಲದ ಓಣಿ ಇವತ್ತು ಜಿಡಗಾದ ಸುತ್ತಮುತ್ತ ಎಲ್ಲಿದೆ?

ಸರ್ಕಾರದ ಕಡೆಯಿಂದಲೂ ಒಂದು ಒಳ್ಳೆಯ ಹೆಜ್ಜೆ ಬಿದ್ದಿದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಅಧಿಸೂಚಿತ ಕಾಯಿಲೆಯೆಂದು ಸಾರಿತು. 2023ರಲ್ಲಿ ರಾಜ್ಯದ ಲೆಕ್ಕಕ್ಕೆ ಬಂದದ್ದು 6,595 ಪ್ರಕರಣ, 19 ಸಾವು. ಮನೆಯಲ್ಲೋ ದಾರಿಯಲ್ಲೋ ಮಂತ್ರ ಹಾಕುವವರ ಅಂಗಳದಲ್ಲೋ ಸತ್ತವರು ಇಂಥ ಲೆಕ್ಕದಲ್ಲಿ ಸಿಗುವುದಿಲ್ಲ. ಎಲ್ಲಿ ಎಷ್ಟು ಕಡಿತ ಎಂದು ಗೊತ್ತಾದರೆ ತಾನೆ ಎಲ್ಲಿಗೆ ಎಷ್ಟು ಎಎಸ್‌ವಿ ಕಳಿಸಬೇಕೆಂದು ತಿಳಿಯುವುದು? ಅದೇ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವೂ ರಾಷ್ಟ್ರೀಯ ಕ್ರಿಯಾಯೋಜನೆ ಹೊರಡಿಸಿ, 2030ರೊಳಗೆ ಹಾವು ಕಡಿತದ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿತು.

ಇವತ್ತೇ ಹಾವು ಕಚ್ಚಿದರೆ

ಕಚ್ಚಿಸಿಕೊಂಡವರನ್ನು ಓಡಾಡಿಸಬೇಡಿ. ಧೈರ್ಯ ಹೇಳಿ ಮಲಗಿಸಿ, ಕಚ್ಚಿದ ಕೈಯನ್ನೋ ಕಾಲನ್ನೋ ದಬ್ಬೆ ಕಟ್ಟಿ ಅಲುಗಾಡದಂತೆ ಇರಿಸಿ. ಉಂಗುರ, ಬಳೆ, ಕಾಲುಂಗುರ, ಕಡಗ ತೆಗೆಯಿರಿ. ಹಗ್ಗದಿಂದ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ನಾಟಿ ಔಷಧ ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡವಾಗುವಂತಿದ್ದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಹಾವನ್ನು ಹುಡುಕಿ ಹೊಡೆದು ತರುವುದರಲ್ಲಿ ಹೊತ್ತು ಕಳೆಯಬೇಡಿ, ಚಿಕಿತ್ಸೆಗೆ ಹಾವು ಬೇಕಿಲ್ಲ. "ಎಷ್ಟೊತ್ತಿಗಿ ಕಡದದರಿ?" ಎಂದು ದವಾಖಾನೆಯಲ್ಲಿ ಮೊದಲು ಕೇಳುತ್ತಾರೆ, ಹೊತ್ತು ನೆನಪಿಡಿ.

ಅಲ್ಲಿ ಮಾಡುವ ಒಂದು ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ 2 ಮಿಲಿ ಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೂ ರಕ್ತ ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದರ್ಥ. ಆಳಂದದಿಂದ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರ್. ಅಷ್ಟು ದೂರ ಹೋಗುವ ಮುಂಚೆಯೇ ಹತ್ತಿರದ ಸರ್ಕಾರಿ ದವಾಖಾನೆಯಲ್ಲಿ ಪ್ರತಿವಿಷ ಶುರುವಾದರೆ ಉಳಿಯುವ ಸಾಧ್ಯತೆ ಹೆಚ್ಚು. ಹೊಲಕ್ಕೆ ಗಂಬೂಟು, ಕತ್ತಲಲ್ಲಿ ಬ್ಯಾಟರಿ, ಮಲಗುವಾಗ ಮಂಚ, ಸುತ್ತ ಒಳಕ್ಕೆ ಸಿಕ್ಕಿಸಿದ ಸೊಳ್ಳೆಪರದೆ, ಇಷ್ಟಿದ್ದರೆ ಕಡಿತವೇ ಎಷ್ಟೋ ತಪ್ಪುತ್ತದೆ.

ಗುಳಿಗೆ ಬರಲಿ, ಕುದುರೆಯಿಲ್ಲದ ಪ್ರತಿವಿಷ ಬರಲಿ, ಒಣನೆಲದ ಹಾವಿಗೆ ಒಗ್ಗುವ ಮದ್ದು ಬರಲಿ, ಅದು ಇರಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ. ಮುಂದಿನ ಪರೀಕ್ಷೆಗಳು ನಡೆಯುವಾಗ ಕಲ್ಯಾಣ ಕರ್ನಾಟಕದ ರೋಗಿಗಳೂ ಇಲ್ಲಿನ ಹಾವುಗಳ ವಿಷವೂ ಅದರಲ್ಲಿ ಸೇರಬೇಕು. ಇಲ್ಲಿನವರ ಮೇಲೆ ಕೆಲಸ ಮಾಡುತ್ತದೆಯೇ ಎಂದು ಇಲ್ಲೇ ನೋಡಿದ ಮದ್ದನ್ನು ಮಾತ್ರ ನಾವು ನಮ್ಮದೆಂದು ನಂಬಬಹುದು. ಹಾವು ಕಚ್ಚಿದ ಪ್ರತಿಯೊಬ್ಬರೂ ದವಾಖಾನೆಗೆ ಬಂದು, ಅವರ ಹೆಸರು ದಾಖಲಾಗುವುದೇ ಆ ಕೆಲಸದ ಮೊದಲ ಮೆಟ್ಟಿಲು.