ಏರ್‌ಪೋರ್ಟ್ ತಿರುವಿನ ಆ ಕೆಂಪು ವೃತ್ತ

ಲಂಡನ್ನಿನ ಹೀಥ್ರೋದಲ್ಲಿ ಇಳಿದು, ಬಾಡಿಗೆ ಕಾರು ತಗೊಂಡು ಹೊರಟ್ರಿ ಅಂದ್ಕೊಳ್ಳಿ. ಕೆಂಪು ವೃತ್ತದೊಳಗೆ 50 ಅಂತ ಕಾಣಿಸುತ್ತೆ. ಅಯ್ಯೋ, ನಮ್ಮ ಬೆಂಗಳೂರಿನ ಬಳ್ಳಾರಿ ರೋಡಿಗಿಂತ ನಿಧಾನನಾ? ತಡೀರಿ, ಅದು ಮೈಲಿ. ನಮ್ಮ ಲೆಕ್ಕದಲ್ಲಿ 80 ಕಿಲೋಮೀಟರ್.

ಬ್ರಿಟನ್ನಿನ ಮೋಟರ್‌ವೇಯಲ್ಲಿ ಕಾರಿಗೆ ಸಾಮಾನ್ಯ ಮಿತಿ 70 ಮೈಲಿ. ವಿಮಾನ ನಿಲ್ದಾಣದ ಕಡೆ ಕವಲೊಡೆಯೋ ಲಿಂಕ್ ರಸ್ತೇಲಿ ಅದನ್ನ ಯಾಕೆ ಇಳಿಸ್ತಾರೆ? ತಿರುವು ಬಿಗಿ. ಮುಂದೆ ಸಿಗ್ನಲ್ಲೋ ರೌಂಡ್‌ಅಬೌಟೋ ಇದ್ರೆ ಗಾಡಿಗಳ ಸಾಲು ಹಿಂದಕ್ಕೆ ಬೆಳೆದಿರುತ್ತೆ. ಓಡಿಸೋರ ಕಣ್ಣೋ, ಟರ್ಮಿನಲ್ 3 ಎಲ್ಲಿ, 5 ಎಲ್ಲಿ ಅಂತ ಬೋರ್ಡ್ ಹುಡುಕ್ತಿರುತ್ತೆ.

ಈಗ ಬ್ರೇಕ್ ಲೆಕ್ಕ. ಅಲ್ಲಿನ ಹೈವೇ ಕೋಡ್ ಪ್ರಕಾರ, 70 ಮೈಲಿ ವೇಗದಲ್ಲಿರೋ ಕಾರು ನಿಲ್ಲೋಕೆ 96 ಮೀಟರ್ ಬೇಕು. 50ಕ್ಕೆ 53. 40ಕ್ಕೆ ಬರೀ 36! ವೇಗ ಅರ್ಧ ಕೂಡ ಆಗಿಲ್ಲ, ದೂರ ಮಾತ್ರ ಅರ್ಧಕ್ಕಿಂತ ಎಷ್ಟೋ ಕಮ್ಮಿ.

ಆದ್ರೆ ಮೋಟರ್‌ವೇಯಲ್ಲಿ ಮಿತಿ ಬದಲಿಸೋದು ಬೋರ್ಡ್ ನೆಟ್ಟಷ್ಟು ಸುಲಭ ಅಲ್ಲ. 1984ರ ರಸ್ತೆ ಸಂಚಾರ ನಿಯಂತ್ರಣ ಕಾಯ್ದೆಯಡಿ ನಿಯಮ ಹೊರಡಿಸಬೇಕು. ಎಲ್ಲಿಂದ ಶುರು, ಎಲ್ಲಿಗೆ ಕೊನೆ ಅಂತ ಮೀಟರ್ ಲೆಕ್ಕ. ಓದಿದ್ರೆ ನಮ್ಮ ಜಮೀನು ಪತ್ರದ ಚಕ್ಕುಬಂದಿ ನೆನಪಾಗುತ್ತೆ.

ಹೀಥ್ರೋ ಪಕ್ಕದ ಎಂ25 ಮೋಟರ್‌ವೇಯಲ್ಲಂತೂ 1995ರಿಂದಲೇ ದಟ್ಟಣೆ ನೋಡಿ ಮಿತಿ ಬದಲಾಗುತ್ತೆ. ತಲೆ ಮೇಲಿನ ಫಲಕದಲ್ಲಿ ಕೆಂಪು ವೃತ್ತದೊಳಗೆ ಸಂಖ್ಯೆ ಬಂತು ಅಂದ್ರೆ ಅದು ಸಲಹೆ ಅಲ್ಲ, ಕಾನೂನು. ಫ್ಲೈಟ್ ಹಿಡಿಯೋರು ಮನೆಯಿಂದ್ಲೇ ಒಂಚೂರು ಬೇಗ ಹೊರಡಿ.