ಖಾಲಿ ನಿಂತಾಗ ನಾನೂರು, ದುಡಿಯುವಾಗ ಎಷ್ಟು?

“ಅಲ್ರೀ, ಮೀಟರ್ ನಾಕನೂರ ತೋರಸ್ತೈತಿ, ಮೋಟರ್ ಯಾಕ ನೀರ ಎತ್ತವಲ್ದು?”

ಯಲಬುರ್ಗಾದ ಎರೆಹೊಲವಾಗಲಿ, ಕುಷ್ಟಗಿಯ ಮಸಾರಿಯಾಗಲಿ, ಬೋರ್‌ವೆಲ್ ನಂಬಿದ ಊರುಗಳಲ್ಲಿ ಬೇಸಿಗೆಗೆ ಈ ತಕರಾರು ತಪ್ಪದು. ಮೆಕ್ಯಾನಿಕ್ ಬಂದು ಸ್ಟಾರ್ಟರ್ ಡಬ್ಬಿ ತೆರೆದು, ಎರಡು ಫೇಸಿಗೆ ಮಲ್ಟಿಮೀಟರಿನ ಕಡ್ಡಿ ಹಚ್ಚಿದರೆ 400 ವೋಲ್ಟ್ ಬರುತ್ತದೆ. ಹಸಿರು ಬಟನ್ ಒತ್ತಿದ ಕೂಡಲೇ ಮೋಟರ್ ಗುಂಯ್‌ಗುಡುತ್ತದೆ, ಅಂಕಿ ಸರ್ರನೆ 330ಕ್ಕೆ ಜಾರುತ್ತದೆ. ಆಫ್ ಮಾಡಿದರೆ ಮತ್ತೆ 400. “ಕರೆಂಟ್ ಡಿಮ್ ಐತಿ” ಎಂಬ ತೀರ್ಪು ಹೊರಬೀಳುತ್ತದೆ.

ತೀರ್ಪು ಸರಿ, ಪದ ತಪ್ಪು. ನಮ್ಮ ಆಡುಮಾತಿನಲ್ಲಿ ಎಲ್ಲವೂ ಕರೆಂಟೇ. ಹೋದರೂ ಕರೆಂಟ್, ಹೊಡೆದರೂ ಕರೆಂಟ್. ಇಲ್ಲಿ ಡಿಮ್ ಆದದ್ದು ವೋಲ್ಟೇಜ್, ಅಂದರೆ ತಳ್ಳುವ ಒತ್ತಡ. ಕರೆಂಟ್ ಎಂದರೆ ತಂತಿಯಲ್ಲಿ ಸೆಕೆಂಡಿಗೆ ಎಷ್ಟು ವಿದ್ಯುತ್ತು ಸಾಗುತ್ತಿದೆ ಎಂಬ ಲೆಕ್ಕ, ಅದನ್ನು ಆಂಪಿಯರ್‌ನಲ್ಲಿ ಅಳೆಯುತ್ತಾರೆ. ತಮಾಷೆಯೆಂದರೆ ರೈತ “ಕರೆಂಟ್ ಕಡಿಮೆ” ಎಂದು ಬೈಯುವ ಹೊತ್ತಿಗೆ ಅವನ ಮೋಟರ್ ದಿನಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತಿರುತ್ತದೆ.

ಆ 70 ವೋಲ್ಟ್ ಎಲ್ಲಿ ಹೋಯಿತು? ಇದಕ್ಕೆ ಉತ್ತರ ಕೊಟ್ಟವನು ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮಾಸ್ತರನಾಗಿದ್ದ ಗೇಯಾರ್ಗ್ ಓಮ್. ಅವನಿಗೂ ಮೊದಲು ಕಾಡಿದ್ದು ಡಿಮ್ ಆಗುವ ಸಪ್ಲೈಯೇ! ಆ ಕಾಲದ ಬ್ಯಾಟರಿಗೆ ತಂತಿ ಜೋಡಿಸಿದರೆ ಅಳತೆ ಮುಗಿಯುವುದರೊಳಗೆ ಅದರ ಬಲ ಕುಗ್ಗುತ್ತಿತ್ತು. ಕೊನೆಗೆ ಪೋಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಬಿಸ್ಮತ್ ಮತ್ತು ತಾಮ್ರವನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟ. ನೀರು ಕುದಿಯುವ ಬಿಸಿ ಬದಲಾಗದು, ಮಂಜು ಕರಗುವ ತಂಪೂ ಬದಲಾಗದು. ಆದ್ದರಿಂದ ವಿದ್ಯುತ್ತಿನ ಒತ್ತಡವೂ ಅಲುಗಾಡಲಿಲ್ಲ. 1827ರ ಪುಸ್ತಕದಲ್ಲಿ ಅವನು ಮಂಡಿಸಿದ ನಿಯಮ ಇಂದು ಪಿಯುಸಿ ಪ್ರಯೋಗಾಲಯದ ಮೊದಲ ಪಾಠ: ಕರೆಂಟನ್ನು ರೋಧದಿಂದ ಗುಣಿಸಿದರೆ ಅಲ್ಲಿ ಬಿದ್ದುಹೋಗುವ ವೋಲ್ಟೇಜ್ ಸಿಗುತ್ತದೆ.

ಆ ಗುಣಾಕಾರವನ್ನು ಹೊಲದಲ್ಲೇ ಮಾಡಬಹುದು. ಸ್ಟಾರ್ಟರಿನಿಂದ ಬೋರಿನ ತಳದ ಮೋಟರಿಗೆ 200 ಮೀಟರ್ ಕೇಬಲ್ ಎಂದುಕೊಳ್ಳೋಣ, ತಾಮ್ರದ ಎಳೆಯ ದಪ್ಪ 2.5 ಚದರ ಮಿ.ಮೀ. ಒಂದೊಂದು ಎಳೆಯ ರೋಧ ಸುಮಾರು 1.4 ಓಮ್. ಐದು ಎಚ್‌ಪಿ ಮೋಟರ್ 8 ಆಂಪಿಯರ್ ಎಳೆದರೆ ಎಳೆಗೆ 11 ವೋಲ್ಟ್ ಖೋತಾ. ಫೇಸಿನಿಂದ ಫೇಸಿಗೆ ನೋಡಿದರೆ ಹದಿನೈದರಿಂದ ಇಪ್ಪತ್ತು ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಇದು ಸ್ಟಾರ್ಟರಿನ ಈಚೆಗಿನ ಲೆಕ್ಕ ಮಾತ್ರ. ಆಚೆಗೆ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಬರುವ ಅಲ್ಯುಮಿನಿಯಂ ಲೈನಿನ ಉದ್ದವಿದೆ, ಅದೇ ಟಿಸಿಗೆ ಜೋತುಬಿದ್ದ ನೆರೆಹೊಲದ ಮೋಟರುಗಳಿವೆ. ಮೆಕ್ಯಾನಿಕ್ ಕಂಡ 330 ಆ ದಾರಿಯ ಕಥೆ. ಮೋಟರ್ ಸ್ಟಾರ್ಟ್ ಆಗುವ ಕ್ಷಣದಲ್ಲಂತೂ ಐದಾರು ಪಟ್ಟು ಕರೆಂಟ್ ನುಗ್ಗುವುದರಿಂದ ಖೋತಾವೂ ಏರುತ್ತದೆ.

ಕರೆಂಟ್ ಹರಿಯದಿದ್ದರೆ? ಸೊನ್ನೆಯಿಂದ ಗುಣಿಸಿದರೆ ಖೋತಾ ಸೊನ್ನೆ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್, ಅದು ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. ಹೀಗಾಗಿ ಮೋಟರ್ ಆಫ್ ಇದ್ದಾಗ ಎಷ್ಟೇ ಉದ್ದದ ಲೈನ್ ಆದರೂ, ಕಂಬದ ಮೇಲೆ ಜಂಪರ್ ಸಡಿಲವಾಗಿದ್ದರೂ, ಮೀಟರ್ ಪೂರಾ 400 ತೋರಿಸುತ್ತದೆ. 2 ಓಮ್ ರೋಧದ ಒಂದು ಕೆಟ್ಟ ಜಾಯಿಂಟ್ 8 ಆಂಪಿಯರಿಗೆ 16 ವೋಲ್ಟ್ ನುಂಗಿ 128 ವಾಟ್ ಶಾಖ ಉಗುಳುತ್ತದೆ. ತಂತಿಯ ತುದಿ ಕಪ್ಪಾಗುವುದು, ಟೇಪ್ ಕರಗುವುದು ಇದರಿಂದಲೇ. ಲೋಡ್ ಕೊಡದೆ ಅಳೆದವನಿಗೆ ಆ ಜಾಯಿಂಟ್ ಸಿಗುವುದೇ ಇಲ್ಲ.

ಗಂಗಾವತಿ ಕಡೆಯವರಿಗೆ ಇದನ್ನು ಕಾಲುವೆಯ ಭಾಷೆಯಲ್ಲಿ ಹೇಳುವುದು ಸುಲಭ. ಮುನಿರಾಬಾದಿನ ಬಳಿ ತುಂಗಭದ್ರೆಯಿಂದ ಹೊರಟ ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ್ದು. ಮೇಲ್ಭಾಗದವರು ಭತ್ತಕ್ಕೆ ನೀರು ತಿರುಗಿಸಿಕೊಂಡಷ್ಟೂ ಕೊನೆಭಾಗದವರಿಗೆ ಬರ. ಕಾಲುವೆ ಕವಲೊಡೆಯುವಲ್ಲಿ ಒಳಬಂದ ನೀರು ಎಷ್ಟೋ ಹೊರಹೋಗುವ ನೀರೂ ಅಷ್ಟೇ. 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಗುಸ್ತಾವ್ ಕಿರ್ಚಾಫ್ ತಂತಿಗಳ ಕೂಡುಗಂಟಿಗೆ ಹೇಳಿದ್ದೂ ಇದನ್ನೇ. ಆದರೆ ಹೋಲಿಕೆಯನ್ನು ಅತಿಯಾಗಿ ನಂಬಬಾರದು. ಕಾಲುವೆಯ ನೀರನ್ನು ಪೈರು ಕುಡಿಯುತ್ತದೆ, ಕರೆಂಟನ್ನು ಯಾರೂ ಕುಡಿಯುವುದಿಲ್ಲ. ಮೋಟರಿನೊಳಗೆ ಹೋದಷ್ಟೇ ಕರೆಂಟ್ ಹೊರಬರುತ್ತದೆ. ಖರ್ಚಾಗುವುದು ಶಕ್ತಿ.

ಕಿರ್ಚಾಫ್‌ನ ಮಾತಿಗೆ ಹೊಲದಲ್ಲೇ ಸಾಕ್ಷಿ ಬೇಕೆಂದರೆ ಕ್ಲಾಂಪ್ ಮೀಟರ್ ಸಾಕು. ಇಕ್ಕಳದಂತೆ ಬಾಯಿ ತೆರೆದು ತಂತಿಯನ್ನು ಸುತ್ತುವರಿಯುವ ಈ ಮೀಟರಿಗೆ ತಂತಿ ಕತ್ತರಿಸುವ ಗೋಜಿಲ್ಲ, ಅದು ಸುತ್ತಲಿನ ಕಾಂತಕ್ಷೇತ್ರದಿಂದ ಆಂಪಿಯರ್ ಹೇಳುತ್ತದೆ. ಹೊಸಬರು ಮೂರು ಎಳೆಯ ಕೇಬಲ್ಲನ್ನು ಇಡಿಯಾಗಿ ಬಾಯಿಗೆ ತುರುಕುತ್ತಾರೆ. ಮೋಟರ್ ಭರ್ಜರಿಯಾಗಿ ನೀರೆತ್ತುತ್ತಿದ್ದರೂ ಮೀಟರ್ ಸೊನ್ನೆ! ಮೂರೂ ಫೇಸಿನ ಕರೆಂಟುಗಳನ್ನು ಯಾವ ಕ್ಷಣದಲ್ಲಿ ಕೂಡಿದರೂ ಮೊತ್ತ ಸೊನ್ನೆಯೇ ಆದ್ದರಿಂದ ಮೀಟರಿನ ತಪ್ಪೇನಿಲ್ಲ. ಒಂದೊಂದೇ ಎಳೆಯನ್ನು ಬಿಡಿಸಿ ಹಿಡಿಯಬೇಕು.

ವೋಲ್ಟೇಜ್ ಅಳೆಯಲು ಮೀಟರನ್ನು ಎರಡು ಬಿಂದುಗಳ ನಡುವೆ ಅಡ್ಡಲಾಗಿ ಹಚ್ಚುತ್ತಾರೆ. ಆಂಪಿಯರ್ ಅಳೆಯುವ ಮಾಮೂಲಿ ಮೀಟರ್ ದಾರಿಯೊಳಗೇ ಕೂರಬೇಕು, ಅದರ ರೋಧ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಮರೆತು ಆಂಪಿಯರ್ ಸ್ಥಾನದಲ್ಲಿಟ್ಟ ಮಲ್ಟಿಮೀಟರನ್ನು ಬ್ಯಾಟರಿಗೆ ಅಡ್ಡ ಹಚ್ಚಿ ಫ್ಯೂಸ್ ಸುಡದ ವಿದ್ಯಾರ್ಥಿ ಅಪರೂಪ. ಬ್ಯಾಟರಿಯಾದ್ದರಿಂದ ಫ್ಯೂಸಿನಲ್ಲಿ ಮುಗಿಯಿತು. ಫೇಸ್ ಲೈನಿನಲ್ಲಾದರೆ ಕಣ್ಣು, ಕೈ ಎರಡಕ್ಕೂ ಕುತ್ತು.

ಡಿಮ್ ಆದಾಗ ಮೋಟರ್ ಸುಡುವುದೇಕೆ? ಪಂಪಿನ ಹೊರೆ ತಗ್ಗಿರುವುದಿಲ್ಲ. ಒತ್ತಡ ಕಡಿಮೆಯಾದ ಮೋಟರ್ ವೇಗ ಸ್ವಲ್ಪ ಕುಗ್ಗಿಸಿ, ಕರೆಂಟ್ ಹೆಚ್ಚು ಎಳೆದು ಹೊರೆ ನಿಭಾಯಿಸಲು ನೋಡುತ್ತದೆ. ಸುರುಳಿಯ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಶೇ. 20 ಹೆಚ್ಚಿದರೆ ಶಾಖ ಶೇ. 44 ಹೆಚ್ಚು. ತಂತಿಯ ಮೇಲಿನ ವಾರ್ನಿಷ್ ಹುರಿದುಹೋಗುತ್ತದೆ, ಮೋಟರ್ ರಿವೈಂಡಿಂಗ್ ಅಂಗಡಿ ಸೇರುತ್ತದೆ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ ಇಲ್ಲ, ಎಷ್ಟೋ ಹೊಲಗಳಲ್ಲಿ ಮೀಟರೂ ಇಲ್ಲ. ಪುಕ್ಕಟೆ ಕರೆಂಟಿನ ಅಸಲಿ ಬಿಲ್ ಬರುವುದು ಈ ಅಂಗಡಿಯಲ್ಲಿ.

ರಿವೈಂಡಿಂಗ್ ಮಾಡುವವರ ಬೋರ್ಡಿನ ಮೇಲೆ ಹಳೆಯ ಕಾಲದ ಒಂದು ತಂತಿಬಲ್ಬ್ ಇನ್ನೂ ಕಾಣುತ್ತದೆ, ಸೀರೀಸ್ ಲ್ಯಾಂಪ್. ಬಲ್ಬನ್ನೂ ಪರೀಕ್ಷಿಸಬೇಕಾದ ಸುರುಳಿಯನ್ನೂ ಒಂದೇ ದಾರಿಯಲ್ಲಿ ಸಾಲಾಗಿ ಕೂರಿಸುತ್ತಾರೆ. ಸುರುಳಿ ಕಡಿದಿದ್ದರೆ ಬಲ್ಬ್ ಹತ್ತುವುದಿಲ್ಲ. ಒಳಗೇ ಶಾರ್ಟ್ ಆಗಿದ್ದರೆ ಪೂರ್ತಿ ಉರಿಯುತ್ತದೆ. ಶಾರ್ಟ್ ಇದ್ದರೂ ಬಲ್ಬ್ ಅಡ್ಡ ನಿಂತು ಕರೆಂಟನ್ನು ಹದ್ದಿನಲ್ಲಿಡುವುದರಿಂದ ಅಂಗಡಿಯ ಫ್ಯೂಸ್ ಹಾರುವುದಿಲ್ಲ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು.

ಅದೇ ನೂರು ವಾಟಿನ ಬಲ್ಬನ್ನು ಕಳಚಿ ವಿದ್ಯಾರ್ಥಿಯ ಕೈಗೆ ಕೊಟ್ಟರೆ ಒಳ್ಳೆಯ ಪ್ರಯೋಗವಾಗುತ್ತದೆ. 230ರ ವರ್ಗವನ್ನು ನೂರರಿಂದ ಭಾಗಿಸಿದರೆ ರೋಧ 529 ಓಮ್ ಬರಬೇಕು. ಮಲ್ಟಿಮೀಟರ್ ಹಚ್ಚಿದರೆ ಬರುವುದು ಸುಮಾರು 40. ಸೂತ್ರವೂ ಸುಳ್ಳಲ್ಲ, ಮೀಟರೂ ಕೆಟ್ಟಿಲ್ಲ. ಉರಿಯುವಾಗ ಬಲ್ಬಿನ ಟಂಗ್‌ಸ್ಟನ್ ಎಳೆ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಮೀಟರ್ ಅಳೆದದ್ದು ಆರಿ ತಣ್ಣಗಾದ ಎಳೆಯನ್ನು.