ಕೊರಕಲಿನಲ್ಲಿ ಹೋದ ಮಣ್ಣೆಷ್ಟು? ಎರೆಭೂಮಿಯ ಗ್ರಾಮಗಳಿಗೆ ಅಳತೆಯ ಕ್ರಮ

ಹೊಲದ ಮೇಲ್ಮಣ್ಣು ತೆಳುವಾಗಿ ತೊಳೆದುಹೋದರೆ ಹಲವು ವರ್ಷಗಳವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಕೊರಕಲು ಹಾಗಲ್ಲ. ಅದು ಬಂಡಿದಾರಿಯನ್ನು ಕಡಿಯುತ್ತದೆ, ಒಂದೇ ಹೊಲವನ್ನು ಎರಡಾಗಿ ಒಡೆಯುತ್ತದೆ, ಊರಿನವರೆಲ್ಲರಿಗೂ ಕಾಣುತ್ತದೆ. ಆದರೂ ಗ್ರಾಮದ ದಾಖಲೆಗಳಲ್ಲಿ ಅದರ ಅಳತೆ ಸಿಗುವುದು ಅಪರೂಪ. ಕ್ರಿಯಾ ಯೋಜನೆಯಲ್ಲಿ ‘ಕೊರಕಲಿಗೆ ಕಲ್ಲಿನ ತಡೆ’ ಎಂಬ ಒಂದು ಸಾಲು ಇರುತ್ತದೆ. ಆ ಕೊರಕಲು ಹಿಂದಿನ ಮಳೆಗಾಲದಲ್ಲಿ ಎಷ್ಟು ಮಣ್ಣನ್ನು ಒಯ್ದಿತು, ಎಷ್ಟು ಮೀಟರ್ ಮುಂದೆ ಸರಿಯಿತು ಎಂಬ ಅಂಕಿ ಇರುವುದಿಲ್ಲ. ಅಂಕಿಯಿಲ್ಲದಿದ್ದಾಗ ಯಾವ ಕೊರಕಲಿಗೆ ಮೊದಲು ಹಣ ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಮಾತನಾಡುವವರೇ ತೀರ್ಮಾನಿಸುತ್ತಾರೆ.

ಜಲಾನಯನ ಯೋಜನಾ ವರದಿಗಳಲ್ಲಿ ‘ಹೆಕ್ಟೇರಿಗೆ ವರ್ಷಕ್ಕೆ ಇಷ್ಟು ಟನ್ ಮಣ್ಣು ನಷ್ಟ’ ಎಂದು ಬರೆದಿರುವುದನ್ನು ಅನೇಕ ಸದಸ್ಯರು ನೋಡಿರಬಹುದು. ಈ ಅಂಕಿಯನ್ನು ಸಾಮಾನ್ಯವಾಗಿ ಮಳೆಯ ತೀವ್ರತೆ, ಮಣ್ಣಿನ ಗುಣ, ಇಳಿಜಾರು, ಬೆಳೆ ಮತ್ತು ಬದುಗಳನ್ನು ಗುಣಿಸುವ ಒಂದು ಸಮೀಕರಣದಿಂದ ಪಡೆಯಲಾಗುತ್ತದೆ. ಅಮೆರಿಕದ ಕೃಷಿ ಇಲಾಖೆ 1978ರಲ್ಲಿ ಪ್ರಕಟಿಸಿದ ಕೈಪಿಡಿಯ ಮೂಲಕ ಜಗತ್ತಿನಾದ್ಯಂತ ಬಳಕೆಗೆ ಬಂದ ಈ ಸಮೀಕರಣವು ಹಾಳೆಯಂತೆ ತೊಳೆದುಹೋಗುವ ಮಣ್ಣನ್ನೂ ಸಣ್ಣ ಗೀರುಗಳಲ್ಲಿ ಹರಿದುಹೋಗುವ ಮಣ್ಣನ್ನೂ ಮಾತ್ರ ಲೆಕ್ಕ ಹಾಕುತ್ತದೆ. ಕೊರಕಲು ಅದರೊಳಗೆ ಬರುವುದಿಲ್ಲ. ಆದ್ದರಿಂದ ಕೊರಕಲುಗಳಿರುವ ಗ್ರಾಮಕ್ಕೆ ವರದಿಯ ಅಂಕಿ ಎಷ್ಟೇ ಸರಿಯಾಗಿದ್ದರೂ ಅದು ಪೂರ್ಣ ಲೆಕ್ಕವಲ್ಲ. ಉಳಿದ ಭಾಗವನ್ನು ಸ್ಥಳದಲ್ಲಿಯೇ ಅಳೆಯಬೇಕಾಗುತ್ತದೆ.

ವಿಜಯಪುರ, ಬಾಗಲಕೋಟೆ, ಬಳ್ಳಾರಿ ಕಡೆಯ ಎರೆಭೂಮಿಯಲ್ಲಿ ಈ ಭಾಗ ಚಿಕ್ಕದಲ್ಲ. ಇಲ್ಲಿ ಮಳೆ ಕಡಿಮೆ. ಆದರೆ ಬರುವ ಮಳೆ ಕೆಲವೇ ದಿನಗಳಲ್ಲಿ ರಭಸದಿಂದ ಸುರಿಯುತ್ತದೆ. ಹಿಂಗಾರಿ ಜೋಳ, ಕಡಲೆಗಾಗಿ ಕಾದಿರುವ ಹೊಲ ಮುಂಗಾರಿನುದ್ದಕ್ಕೂ ಬರಿದಾಗಿರುತ್ತದೆ. ಉತ್ತರೆ, ಹಸ್ತದ ದೊಡ್ಡ ಮಳೆಗಳು ಬೀಳುವ ವೇಳೆಗೂ ಬೆಳೆಯ ಹೊದಿಕೆ ಬಂದಿರುವುದಿಲ್ಲ. ಬೇಸಿಗೆಯಲ್ಲಿ ಬಾಯ್ದೆರೆದ ಬಿರುಕುಗಳೊಳಗೆ ನೀರು ಇಳಿದು, ಕೆಲವೊಮ್ಮೆ ನೆಲದಡಿಯಲ್ಲಿಯೇ ಸುರಂಗದಂತೆ ಹರಿದು ಹಳ್ಳದ ಅಂಚಿನಲ್ಲಿ ಹೊರಬೀಳುತ್ತದೆ. ಮೇಲಿನ ಮಣ್ಣು ಒಮ್ಮೆಗೇ ಕುಸಿಯುತ್ತದೆ. ಕೊರಕಲಿನ ತಲೆಭಾಗದಲ್ಲಿ ನೀರು ಧುಮುಕಿ ಬುಡವನ್ನು ಕೊರೆಯುವುದರಿಂದ ಅದು ಇಳಿಜಾರಿನ ಮೇಲ್ಮುಖವಾಗಿ, ಅಂದರೆ ಹೊಲದ ಕಡೆಗೆ, ಬೆಳೆಯುತ್ತ ಹೋಗುತ್ತದೆ.

ಅಳತೆಗೆ ಬೇಕಾದುದು 30 ಮೀಟರ್ ಟೇಪು, ಗುರುತು ಹಾಕಿದ ಕೋಲು, ಹಗ್ಗ ಮತ್ತು ಗೂಟಗಳು. ಕೊರಕಲಿನ ಉದ್ದವನ್ನು 10 ಮೀಟರಿನ ತುಂಡುಗಳಾಗಿ ಭಾಗಿಸಿ, ಪ್ರತಿ ತುಂಡಿನ ನಡುವೆ ಎರಡೂ ದಡಗಳಲ್ಲಿ, ಅಂಚಿನಿಂದ ಸಾಕಷ್ಟು ಹಿಂದೆ ಗೂಟ ಹೂಳಬೇಕು. ಅಂಚಿನಲ್ಲಿಯೇ ಹೂಳಿದ ಗೂಟ ಮುಂದಿನ ಮಳೆಗೆ ದಡದೊಂದಿಗೆ ಕುಸಿದುಹೋಗುತ್ತದೆ. ಗೂಟದಿಂದ ಗೂಟಕ್ಕೆ ಹಗ್ಗವನ್ನು ಬಿಗಿಯಾಗಿ ಎಳೆದರೆ ಅದೇ ಹಳೆಯ ನೆಲಮಟ್ಟ. ಅಲ್ಲಿಂದ ಮೇಲಿನ ಅಗಲ, ತಳದ ಅಗಲ ಮತ್ತು ಆಳವನ್ನು ಅಳೆಯಬೇಕು. ಆಳವನ್ನು ಒಂದೇ ಕಡೆ, ಅದರಲ್ಲಿಯೂ ಅತಿ ಆಳವಾದ ಜಾಗದಲ್ಲಿ ನೋಡಿ ಬರೆದುಕೊಂಡರೆ ಲೆಕ್ಕ ಉಬ್ಬುತ್ತದೆ. ತಳದ ಎಡ, ನಡು, ಬಲದಲ್ಲಿ ನೋಡಿ ಸರಾಸರಿ ತೆಗೆಯುವುದು ಒಳ್ಳೆಯದು. ಆಕಾರ ತಟ್ಟನೆ ಬದಲಾಗುವ ಕಡೆ ಹೆಚ್ಚುವರಿ ಅಳತೆ ಅಗತ್ಯ.

ಉದಾಹರಣೆಗೆ, ಮೇಲಿನ ಅಗಲ 3 ಮೀಟರ್, ತಳದ ಅಗಲ 1 ಮೀಟರ್, ಆಳ 1.5 ಮೀಟರ್ ಎಂದಿಟ್ಟುಕೊಳ್ಳೋಣ. ಎರಡು ಅಗಲಗಳ ಸರಾಸರಿ 2. ಅದನ್ನು ಆಳದಿಂದ ಗುಣಿಸಿದರೆ 3 ಚದರ ಮೀಟರ್. 10 ಮೀಟರ್ ಉದ್ದದ ತುಂಡಿನಿಂದ ಹೋದ ಮಣ್ಣು 30 ಘನ ಮೀಟರ್. ಹೀಗೆ ಎಲ್ಲ ತುಂಡುಗಳನ್ನು ಕೂಡಿಸಬೇಕು. 60 ಮೀಟರಿನ ಕೊರಕಲಿನಲ್ಲಿ ಒಟ್ಟು 140 ಘನ ಮೀಟರ್ ಬಂದಿತೆನ್ನೋಣ. ಮನೆ ಕಟ್ಟಿಸಿದವರಿಗೆ ತಿಳಿದಿರುವ ಲೆಕ್ಕದಲ್ಲಿ ಅದು ಸುಮಾರು 50 ಬ್ರಾಸ್. ಹೊಲದ ಮೇಲೆ 1 ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ ಮೂರೂವರೆ ಎಕರೆಯನ್ನು ಮುಚ್ಚುವಷ್ಟು ಮಣ್ಣು.

ಟನ್ನಿಗೆ ಪರಿವರ್ತಿಸಲು ಮಣ್ಣಿನ ಸಾಂದ್ರತೆ ತಿಳಿಯಬೇಕು. ಎರಡೂ ಬದಿ ತೆರೆದ, ಒಂದು ಲೀಟರ್ ಹಿಡಿಯುವ ಕೊಳವೆಯನ್ನು ದಡದ ಕಲಕದ ಮಣ್ಣಿಗೆ ಇಳಿಸಿ, ತೆಗೆದ ಮಣ್ಣನ್ನು ಪೂರ್ತಿ ಒಣಗಿಸಿ ತೂಗಿದರೆ, ಬರುವ ಕಿಲೋಗ್ರಾಂ ಅಂಕಿಯೇ ಒಂದು ಘನ ಮೀಟರಿನ ಟನ್ ಅಂಕಿ. ಎರೆಮಣ್ಣಿಗೆ ಇದು ಸುಮಾರು 1.3, ಮರಳುಮಿಶ್ರಿತ ಮಸಾರಿಗೆ 1.5ರ ಆಸುಪಾಸು. ಎರೆಮಣ್ಣು ಹಸಿಯಾದಾಗ ಉಬ್ಬಿ ಒಣಗಿದಾಗ ಕುಗ್ಗುವುದರಿಂದ ಬಿರುಕುಬಿಟ್ಟ ಬೇಸಿಗೆಯಲ್ಲಿ ಮಾದರಿ ತೆಗೆಯದಿರುವುದು ಲೇಸು.

ಇಷ್ಟರಿಂದ ದೊರೆಯುವುದು ಇದುವರೆಗಿನ ಒಟ್ಟು ನಷ್ಟ ಮಾತ್ರ. ಪಂಚಾಯಿತಿಗೆ ಬೇಕಾದುದು ವಾರ್ಷಿಕ ನಷ್ಟ. ‘ಈ ಕೊರಕಲು ಬಿದ್ದು 20 ವರ್ಷವಾಯಿತು’ ಎಂಬ ಹಿರಿಯರ ಮಾತನ್ನು ನಂಬಿ 140ನ್ನು 20ರಿಂದ ಭಾಗಿಸಿದರೆ ವರ್ಷಕ್ಕೆ 7 ಘನ ಮೀಟರ್ ಬರುತ್ತದೆ. ಕೊರಕಲುಗಳು ಹಾಗೆ ಸಮವಾಗಿ ಬೆಳೆಯುವುದಿಲ್ಲ. ಹೊಸದರಲ್ಲಿ ವೇಗವಾಗಿ ಓಡಿ, ಮೇಲಿನಿಂದ ಬರುವ ನೀರು ಕಡಿಮೆಯಾದಂತೆ ನಿಧಾನವಾಗುತ್ತವೆ. ಒಂದೇ ದೊಡ್ಡ ಮಳೆ ಹಲವು ವರ್ಷಗಳ ಕೆಲಸ ಮಾಡಿಬಿಡುವುದೂ ಉಂಟು. ಆದ್ದರಿಂದ ಅದೇ ಗೂಟಗಳಲ್ಲಿ ಮೇ ತಿಂಗಳಲ್ಲೊಮ್ಮೆ, ಹಿಂಗಾರು ಮುಗಿದ ಮೇಲೆ ಡಿಸೆಂಬರಿನಲ್ಲೊಮ್ಮೆ ಅಳೆಯಬೇಕು. ಮೇಲಿನ ಉದಾಹರಣೆಯಲ್ಲಿ ಡಿಸೆಂಬರಿನ ಮೊತ್ತ 168 ಆದರೆ ಆ ಮಳೆಗಾಲದ ನಷ್ಟ 28 ಘನ ಮೀಟರ್, ಅಂದರೆ ಸುಮಾರು 36 ಟನ್. ಅದಕ್ಕೆ ನೀರು ಹರಿಸುವ ಪ್ರದೇಶ 4 ಹೆಕ್ಟೇರ್ ಆಗಿದ್ದರೆ ಹೆಕ್ಟೇರಿಗೆ 9 ಟನ್. ಭೂಮಿ ತಾಳಿಕೊಳ್ಳಬಲ್ಲ ನಷ್ಟವೆಂದು ಸಾಮಾನ್ಯವಾಗಿ ಒಪ್ಪಿರುವ ಮಿತಿ ಹೆಕ್ಟೇರಿಗೆ ವರ್ಷಕ್ಕೆ 4.5ರಿಂದ 11.2 ಟನ್. ಕೊರಕಲೊಂದೇ ಆ ಮಿತಿಯ ಬಹುಭಾಗವನ್ನು ತಿಂದುಹಾಕಿತು. ಹೊಲದ ಮೇಲ್ಮಣ್ಣಿನ ನಷ್ಟ ಇದರ ಮೇಲೆ.

ಈ ಎರಡನೆಯ ಅಳತೆಯೇ ಕಾಮಗಾರಿಯ ಆದ್ಯತೆಯನ್ನು ಬದಲಿಸಬಲ್ಲದು. ಆಳುದ್ದ ತೋಡಿಕೊಂಡ ಹಳೆಯ ಕೊರಕಲಿನ ತಳದಲ್ಲಿ ಹುಲ್ಲು, ಲಕ್ಕಿ ಗಿಡಗಳು ಬೆಳೆದಿದ್ದರೆ ಅದು ಬಹುಮಟ್ಟಿಗೆ ಶಾಂತವಾಗಿದೆ ಎಂದರ್ಥ. ಪಕ್ಕದ ಹೊಲದಲ್ಲಿ ಮೊಣಕಾಲಾಳದ ಹೊಸ ಕೊರಕಲು ಒಂದೇ ಮಳೆಗಾಲದಲ್ಲಿ 5 ಮೀಟರ್ ಮೇಲಕ್ಕೆ ಸರಿದಿದ್ದರೆ ಹಣ ಮೊದಲು ಹೋಗಬೇಕಾದುದು ಅಲ್ಲಿಗೆ. ಅದೂ ಬಾಯಿಯಲ್ಲಿ ಕಲ್ಲಿನ ತಡೆಗಿಂತ ಮೊದಲು, ತಲೆಭಾಗಕ್ಕೆ ನೀರು ನುಗ್ಗದಂತೆ ಮೇಲೆ ಬದು ಹಾಕಿ ತಿರುಗಿಸುವುದಕ್ಕೆ. ಸಣ್ಣ ಹಿಡುವಳಿದಾರನ ಒಂದೆರಡು ಎಕರೆ ಉಳಿಯುವುದೂ ಹೋಗುವುದೂ ಈ ಹಂತದಲ್ಲಿಯೇ.

ಉಪಗ್ರಹ ಚಿತ್ರಗಳಲ್ಲಿ ಹಿಂದಿನ ವರ್ಷಗಳ ತಲೆಭಾಗದ ಸ್ಥಾನವನ್ನು ಹೋಲಿಸಬಹುದು. ಆಳ ಮಾತ್ರ ಅವುಗಳಿಂದ ತಿಳಿಯದು. ಪ್ರತಿ ಗೂಟದ ಬಳಿ ಒಂದೇ ದಿಕ್ಕಿಗೆ ನಿಂತು, ಅಳತೆಕೋಲು ಕಾಣುವಂತೆ ತೆಗೆದ ಮೊಬೈಲ್ ಚಿತ್ರ ಅಳತೆಯ ದಾಖಲೆಯೊಂದಿಗೆ ಇರಲಿ. ಕೊರಕಲಿನಿಂದ ಹೋದ ಮಣ್ಣೆಲ್ಲವೂ ಕೆರೆ ಸೇರುವುದಿಲ್ಲ, ಆದರೆ ಹೊಲದ ಬದುಗಳಲ್ಲಿ ತಂಗುವ ಮಣ್ಣಿಗಿಂತ ಹೆಚ್ಚಿನ ಪಾಲು ನೇರವಾಗಿ ಹಳ್ಳಕ್ಕಿಳಿಯುತ್ತದೆ. ಕೆರೆಯಲ್ಲಿ ತುಂಬಿದ ಪ್ರತಿ ಘನ ಮೀಟರ್ ಹೂಳು ಸುಮಾರು 1,000 ಲೀಟರ್ ನೀರಿನ ಜಾಗವನ್ನು ಕಿತ್ತುಕೊಳ್ಳುತ್ತದೆ. ಹೂಳೆತ್ತುವ ಕಾಮಗಾರಿಗೆ ಅಂದಾಜು ಪಟ್ಟಿ ಸಿದ್ಧಪಡಿಸುವ ಮುನ್ನ ಆ ಕೆರೆಗೆ ನೀರು ಹರಿಸುವ ಕೊರಕಲುಗಳ ಮೇ ಮತ್ತು ಡಿಸೆಂಬರ್ ಅಳತೆಗಳನ್ನು ಗ್ರಾಮಸಭೆಯ ಮುಂದೆ ಇರಿಸಿದರೆ, ಹೂಳು ಎಲ್ಲಿಂದ ಬರುತ್ತಿದೆ ಎಂಬ ಚರ್ಚೆ ಅಂಕಿಗಳೊಂದಿಗೆ ನಡೆಯುತ್ತದೆ.